ವರನ ಪ್ರಾಪರ್ಟಿಯೂ ನನ್ನ ಫಜೀತಿಯೂ

ಕಂಪ್ಯೂಟರ್ ವಿಷಯದಲ್ಲಿ ನನ್ನನ್ನು ಮೀರಿಸುವವರು ಆಗ ಯಲಬುರ್ಗಾದಲ್ಲಿ ಯಾರೂ ಇರಲಿಲ್ಲ. ಇದು ಜಂಬದ ಮಾತಲ್ಲ. ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು ನಾನೊಬ್ಬನೇ ಇದ್ದೆ. ಸ್ಪರ್ಧೆಯೇ ಇಲ್ಲದ ಮೇಲೆ ಸೋಲುವುದು ಹೇಗೆ! ಓಣಿಯಲ್ಲಿ ಯಾರ ಮನೆಯ ಟಿವಿ ರಿಮೋಟ್ ಕೆಟ್ಟರೂ ‘ಕಂಪ್ಯೂಟರ್ ಮಾಸ್ತರನ್ನ ಕರೀರಿ’ ಎನ್ನುತ್ತಿದ್ದರು. ಒಮ್ಮೆ ಬೋರ್‌ವೆಲ್ ಮೋಟಾರು ಸುಟ್ಟಾಗಲೂ ಕರೆದಿದ್ದರು. ಹೋಗಿ, ಮೋಟಾರಿನ ಸುತ್ತ ಗಂಭೀರವಾಗಿ ಎರಡು ಸುತ್ತು ಹಾಕಿ, ‘ಇದು ಹಾರ್ಡ್‌ವೇರ್ ಸಮಸ್ಯೆ’ ಎಂದು ತೀರ್ಪು ಕೊಟ್ಟು, ಚಹಾ ಕುಡಿದು ಬಂದಿದ್ದೆ.

ಇಂಥ ಕೀರ್ತಿವಂತನ ಮನೆಗೆ ಹಂಪಣ್ಣ ಹೆಡ್‌ಮಾಸ್ತರರು ಬಂದದ್ದು ಸಹಜವೇ. ಅವರು ರಿಟೈರಾದ ಮೇಲೆ ಪ್ರತಿವರ್ಷ ಕೊಪ್ಪಳದಲ್ಲಿ ನಮ್ಮ ಸಮಾಜದ ವಧು-ವರರ ಸಮಾವೇಶ ನಡೆಸುತ್ತಿದ್ದರು. ಮದುವೆಗೆ ಬಂದ ಹುಡುಗ ಹುಡುಗಿಯರು, ಅವರ ಮನೆಯವರು ಎಲ್ಲ ಒಂದೇ ಕಡೆ ಸೇರುವುದು, ಒಬ್ಬರನ್ನೊಬ್ಬರು ನೋಡುವುದು, ಮನಸ್ಸು ಬಂದರೆ ಮಾತು ಮುಂದುವರಿಸುವುದು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತಿದು.

“ಶರಣಪ್ಪ ಮಾಸ್ತರ, ಹೋದ ವರ್ಷ ಪಟ್ಟಿ ಕೈಲೆ ಬರದು ಬರದು ನನ್ನ ಕೈ ಸೆಟದು ಹೋತು ನೋಡ್ರಿ. ಈ ಸಲ ನಿಮ್ಮ ಕಂಪ್ಯೂಟರ್‌ನ್ಯಾಗ ಮಾಡಾಕ ಬರತೈತೇನು?”

“ಅದೇನ್ ದೊಡ್ಡ ಮಾತ್ರಿ ಸರ್! ಎರಡು ವಾರ ಕೊಡ್ರಿ ಸಾಕು.”

ಚಹಾ ತಂದ ನನ್ನ ಹೆಂಡತಿ ಅನ್ನಪೂರ್ಣ, “ಎರಡು ವಾರ ಯಾಕ ಬೇಕ್ರಿ? ಕುಂತು ಟೈಪ್ ಮಾಡಿದ್ರ ಒಂದು ಮಧ್ಯಾಹ್ನದಾಗ ಮುಗೀತೈತಿ,” ಎಂದಳು.

ಟೈಪ್ ಮಾಡುವುದಂತೆ! ಟೈಪ್ ಮಾಡುವುದಕ್ಕೆ ಕಂಪ್ಯೂಟರ್ ಮಾಸ್ತರ ಯಾಕೆ ಬೇಕು? ಆ ವರ್ಷ ನನಗೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎನ್ನುವ ಹೊಸ ವಿಷಯ ಕೊಟ್ಟಿದ್ದರು. ಪುಸ್ತಕ ಹಿಡಿದು ಮೂರು ತಿಂಗಳು ಪಾಠ ಮಾಡಿದ್ದೆ. ಹುಡುಗರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿದೆಯೇ ಎಂದು ಯಾರೂ ಕೇಳಿರಲಿಲ್ಲ. ಹೀಗೆ ಎರಡೂ ಕಡೆ ನೆಮ್ಮದಿಯಿತ್ತು. ಈಗ ಆ ವಿದ್ಯೆಯನ್ನು ಸಮಾಜದ ಸೇವೆಗೆ ಧಾರೆಯೆರೆಯುವ ಯೋಗ ಬಂದಿತ್ತು.

“ಸರ್, ಒಬ್ಬೊಬ್ಬ ವರ ಒಂದೊಂದು ಆಬ್ಜೆಕ್ಟ್. ಆಬ್ಜೆಕ್ಟ್ ಅಂದ್ರ ಒಂದು ಗಂಟು ಅಂತ ತಿಳಕೊಳ್ರಿ. ಆ ಗಂಟಿನ್ಯಾಗ ಅವನ ಹೆಸರು, ವಯಸ್ಸು, ಎತ್ತರ, ಓದು ಎಲ್ಲಾ ಇರತಾವು. ಅವಕ್ಕ ಪ್ರಾಪರ್ಟಿ ಅಂತಾರ. ಗಂಟು ಬಿಚ್ಚಿ, ಪ್ರಾಪರ್ಟಿ ಎಲ್ಲಾ ತಗದು ಸಾಲಾಗಿ ಇಟ್ರ ಅದ ಲಿಸ್ಟ್!”

ಹೆಡ್‌ಮಾಸ್ತರರ ಕಣ್ಣು ಅರಳಿತು. “ಪ್ರಾಪರ್ಟಿ ಲಿಸ್ಟ್! ಭಾಳ ಛಲೋ ವಿಚಾರ ಮಾಡೀರಿ. ಹೆಣ್ಣಿನವರು ಮೊದಲ ಕೇಳೂದ ಅದನ್ನ.”

“ಹಂಗಲ್ರಿ ಸರ್. ಇದು ಬ್ಯಾರೆ ಪ್ರಾಪರ್ಟಿ. ಎತ್ತರನೂ ಪ್ರಾಪರ್ಟಿನ.”

“ಎತ್ತರ ಹೆಂಗ ಪ್ರಾಪರ್ಟಿ ಆಗತೈತ್ರಿ? ಎತ್ತರದ ಮ್ಯಾಲೆ ಜ್ವಾಳ ಬೆಳೀತಾವೇನು?”

ನಾನು ಇನ್ನೊಮ್ಮೆ ವಿವರಿಸಿದೆ. ಅವರು ಇನ್ನೊಮ್ಮೆ ತಪ್ಪು ತಿಳಿದುಕೊಂಡರು. ಕೊನೆಗೆ ನನಗೇ ಸ್ವಲ್ಪ ಅನುಮಾನ ಬಂದು ಸುಮ್ಮನಾದೆ. ಅವರು ಹೋದವರು ದಾರಿಯಲ್ಲಿ ಕಂಡಕಂಡವರಿಗೆಲ್ಲ, ‘ಈ ಸಲ ಕಂಪ್ಯೂಟರ್‌ನ್ಯಾಗ ಪ್ರಾಪರ್ಟಿ ಲಿಸ್ಟ್ ತಯಾರಾಗಾಕತ್ತೈತಿ’ ಎಂದು ಹೇಳುತ್ತ ಹೋದರು. ಪರಿಣಾಮ ಅರ್ಜಿಗಳಲ್ಲಿ ಕಂಡಿತು. ಆ ವರ್ಷದ ಅರ್ಜಿಗಳಲ್ಲಿದ್ದ ಹೊಲಗಳನ್ನೆಲ್ಲ ಅಳೆದು ಹಾಸಿದ್ದರೆ ಕೊಪ್ಪಳ ಜಿಲ್ಲೆ ಸಾಲದೆ ಪಕ್ಕದ ರಾಯಚೂರಿಗೂ ಸ್ವಲ್ಪ ಚಾಚಬೇಕಾಗುತ್ತಿತ್ತು!

ಅರ್ಜಿಯಲ್ಲಿ ಬಿಟ್ಟುಹೋದ ವಿವರಗಳನ್ನು ಫೋನಿನಲ್ಲಿ ಕೇಳಿ ತುಂಬುವ ಕೆಲಸವನ್ನು ಅನ್ನಪೂರ್ಣ ತಾನಾಗಿಯೇ ವಹಿಸಿಕೊಂಡಳು. ಅದಕ್ಕೆ ಕಾರಣವಿತ್ತು. ಅವಳ ತಂಗಿ ಗಿರಿಜಾ ಕುಷ್ಟಗಿಯಲ್ಲಿ ಪ್ರೈಮರಿ ಸಾಲಿ ಟೀಚರು. ಮೂರು ವರ್ಷದಿಂದ ಗಂಡು ನೋಡುತ್ತಿದ್ದರು. ಬಂದ ಗಂಡುಗಳನ್ನೆಲ್ಲ ಅವಳು ಒಂದೊಂದು ಪ್ರಶ್ನೆ ಕೇಳಿ ಓಡಿಸಿದ್ದಳು. ತಳಕಲ್‌ನಲ್ಲಿದ್ದ ನಮ್ಮ ಮಾವನವರು ಫೋನ್ ಮಾಡಿದಾಗಲೆಲ್ಲ, “ಅಳಿಯಂದಿರ, ಈ ಸಲ ಅಂತೂ ಗಿರಿಜಾಗ ಒಂದು ದಾರಿ ಆಗಬೇಕ್ರಿ,” ಎನ್ನುತ್ತಿದ್ದರು. ಸಮಾವೇಶದ ಪಟ್ಟಿಯೇ ನಮ್ಮ ಮನೆಯಲ್ಲಿ ತಯಾರಾಗುವಾಗ ಒಳ್ಳೆಯ ಹುಡುಗ ಕೈತಪ್ಪಿ ಹೋಗುವುದುಂಟೇ?

ಅನ್ನಪೂರ್ಣ ಫೋನ್ ಇಟ್ಟ ಕೂಡಲೇ ತನ್ನ ಅಭಿಪ್ರಾಯ ಹೇಳುತ್ತಿದ್ದಳು. “ಹುಡುಗ ಛಲೋ ಅದಾನ್ರಿ. ಅವರವ್ವ ಮಾತ್ರ ಬಾಯಿಬಡಕಿ. ನಾ ಎರಡು ಮಾತಾಡೂದ್ರಾಗ ಇಪ್ಪತ್ತು ಮಾತಾಡಿದ್ಲು. ಇದನ್ನ ಎಲ್ಲಿ ಬರದಿಟ್ಕೊಳ್ಳಲಿ?”

ಆಗ ನನ್ನ ವಿದ್ಯೆ ಉಕ್ಕಿತು. “ಇದರಾಗ ಪ್ರೈವೇಟ್ ಅಂತ ಒಂದು ಐತಿ. ಅಂಗಿಯ ಒಳಗಿನ ಕಿಸೆ ಇದ್ದಂಗ. ಅದರಾಗ ಇಟ್ಟದ್ದು ಹೊರಗಿನವರಿಗೆ ಕಾಣಂಗಿಲ್ಲ. ಬ್ರಹ್ಮ ಬಂದ್ರೂ ತಗಿಯಾಕ ಬರಂಗಿಲ್ಲ. ನೀ ಹೇಳು, ನಾ ಅದರಾಗ ತುಂಬತೀನಿ.”

“ಖರೇನ್ರಿ?”

“ನಾ ಇದನ್ನ ಕಾಲೇಜಿನ್ಯಾಗ ಕಲಸ್ತೀನಿ!”

ಆ ಪ್ರಾಪರ್ಟಿಗೆ ‘ಗುಟ್ಟು’ ಎಂದು ಹೆಸರಿಟ್ಟೆ. ಅನ್ನಪೂರ್ಣ ಹೇಳುತ್ತ ಹೋದಳು, ನಾನು ತುಂಬುತ್ತ ಹೋದೆ. ‘ಫೋಟೋ ಐದು ವರ್ಷದ ಹಿಂದಿಂದು, ಕ್ಯಾಲೆಂಡರ್ ಹಿಂದ ಕಾಣಸ್ತೈತಿ.’ ‘ಹುಡುಗಿ ಬಂಗಾರದಂಥಾಕಿ, ಆದ್ರ ಅಪ್ಪ ಯಾರ ಜೋಡಿನೂ ಸರಿ ಇಲ್ಲ.’ ಕುಷ್ಟಗಿಯ ಯಮನೂರಪ್ಪ ಎನ್ನುವವನ ಅರ್ಜಿಯಲ್ಲಿ ಹನ್ನೆರಡು ಎಕರೆ ಎಂದಿತ್ತು. ಅವರ ಓಣಿಯಲ್ಲೇ ಬಾಡಿಗೆಗಿದ್ದ ಗಿರಿಜಾಳ ಗೆಳತಿಯೊಬ್ಬಳನ್ನು ವಿಚಾರಿಸಿ, ‘ಹನ್ನೆರಡು ಅಂತಾರ, ಇರೂದು ನಾಲ್ಕು’ ಎಂದು ಬರೆಸಿದಳು. ಗಂಗಾವತಿಯ ಅಕ್ಕಿ ವ್ಯಾಪಾರಸ್ಥರ ಮಗ ಮಹಾಂತೇಶನ ಹೆಸರು ಬಂದಾಗ ಮಾತ್ರ ಅವಳು ಕುರ್ಚಿಯನ್ನೇ ಹತ್ತಿರ ಎಳೆದುಕೊಂಡಳು. “ಬರೀರಿ. ಇಡೀ ಪಟ್ಟಿಯೊಳಗ ಇವನೊಬ್ಬನ ಛಲೋ ಅದಾನ. ನಮ್ಮ ಗಿರಿಜಾಗ ಹಿಡದಿಡಬೇಕು. ಬ್ಯಾರೆಯವರು ಕೇಳಿದ್ರ ನಿಶ್ಚಯ ಆಗೇತಿ ಅಂತ ಹೇಳಬೇಕು.”

ಸ್ವಂತ ತಂಗಿಯನ್ನೂ ಅವಳು ಬಿಡಲಿಲ್ಲ. ‘ಸಿಟ್ಟು ಮೂಗಿನ ತುದಿಗೆ. ಅಡಿಗಿ ಬರಂಗಿಲ್ಲ. ಸುಳ್ಳು ಮಾತ್ರ ಹೇಳಂಗಿಲ್ಲ.’ ನನ್ನ ಹೆಂಡತಿ ಇಷ್ಟು ನಿಷ್ಪಕ್ಷಪಾತಿ ಎಂದು ನನಗೆ ಆವತ್ತೇ ಗೊತ್ತಾದದ್ದು.

ಇದೆಲ್ಲ ತುಂಬುವ ಮೊದಲು ಪ್ರೋಗ್ರಾಮ್ ಓಡುತ್ತದೆಯೋ ಇಲ್ಲವೋ ನೋಡಲು ಒಂದು ಮಾದರಿ ಆಬ್ಜೆಕ್ಟ್ ಬೇಕಿತ್ತು. ನನ್ನದೇ ವಿವರ ಹಾಕಿದ್ದೆ. ಅನ್ನಪೂರ್ಣ ನಗುತ್ತ ಅದರ ಗುಟ್ಟನ್ನೂ ಹೇಳಿದ್ದಳು, ನಾನೂ ನಗುತ್ತ ಟೈಪ್ ಮಾಡಿದ್ದೆ. ಆ ನಗು ನಮ್ಮಿಬ್ಬರ ಪಾಲಿನ ಕೊನೆಯ ನಗು.

ಈಗ ಗಂಟು ಬಿಚ್ಚುವ ಸಮಯ. ಮೊದಲ ಸಲ ಆಬ್ಜೆಕ್ಟನ್ನೇ ನೇರವಾಗಿ ಪ್ರಿಂಟ್ ಮಾಡು ಎಂದು ಆಜ್ಞಾಪಿಸಿದೆ. ಪರದೆಯ ಮೇಲೆ ‘ವರ’ ಎಂದು ಬಂತು, ಅದರ ಮುಂದೆ ಒಂದು ಸುರುಳಿ ಚಿಹ್ನೆ, ಅದರ ಮುಂದೆ ಅಂಕಿ ಅಕ್ಷರ ಕಲಸಿದ ಏನೋ ಒಂದು. ಎಲ್ಲ ವರರಿಗೂ ಹೀಗೆಯೇ!

“ಇದೇನ್ರಿ, ಹುಡುಗನ ಹೆಸರೋ ಲಾರಿ ನಂಬರೋ?” ಎಂದಳು ಅನ್ನಪೂರ್ಣ.

ನನಗೂ ತಿಳಿಯಲಿಲ್ಲ. ಪುಸ್ತಕ ತಿರುವಿದಾಗ ತಿಳಿಯಿತು: ಗಂಟು ಬಿಚ್ಚು ಎಂದು ಹೇಳದಿದ್ದರೆ ಯಂತ್ರ ಗಂಟಿನ ಮೇಲಿನ ಚೀಟಿಯನ್ನಷ್ಟೇ ಓದುತ್ತದೆ. ಸರಿ, ನಾನೇ ಒಂದೊಂದಾಗಿ ಪ್ರಾಪರ್ಟಿ ತೆಗೆದು ಲಿಸ್ಟಿಗೆ ಸೇರಿಸಿದೆ. ಹೆಸರು ಸೇರಿಸು, ಎತ್ತರ ಸೇರಿಸು, ಓದು ಸೇರಿಸು, ಹೊಲ ಸೇರಿಸು. ಮೇಲ್ಗಡೆ ತಲೆಬರಹದ ಸಾಲು ಬೇರೆ ಬರೆದೆ. ಸೊಗಸಾದ ಪಟ್ಟಿ ಬಂತು. ಓಡಿಹೋಗಿ ಹೆಡ್‌ಮಾಸ್ತರರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿದರು.

“ವಯಸ್ಸು, ಐದು ಅಡಿ ಎಂಟು ಇಂಚು. ಎತ್ತರ, ಬಿ.ಎ. ಶಿಕ್ಷಣ, ಹನ್ನೆರಡು ಎಕರೆ.” ಕನ್ನಡಕ ಕೆಳಗಿಳಿಸಿದರು. “ಮಾಸ್ತರ, ಹುಡುಗ ಹನ್ನೆರಡು ಎಕರೆ ಓದ್ಯಾನೇನ್ರಿ?”

ವಯಸ್ಸನ್ನು ಸೇರಿಸುವುದನ್ನೇ ಮರೆತಿದ್ದೆ! ಒಂದು ಬಿಟ್ಟದ್ದಕ್ಕೆ ಉಳಿದವೆಲ್ಲ ಒಂದೊಂದು ಮನೆ ಮುಂದಕ್ಕೆ ಸರಿದು ಕುಳಿತಿದ್ದವು. ಮನೆಗೆ ಬಂದು ಯೋಚಿಸಿದೆ. ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ. ಆದ್ದರಿಂದ ಯಂತ್ರಕ್ಕೇ ಹೇಳಿಬಿಡುವುದು: ಗಂಟಿನೊಳಗೆ ಏನೇನಿದೆಯೋ ಅಷ್ಟನ್ನೂ ನೀನೇ ಹೊರಗೆ ತೆಗೆ, ಪ್ರತಿಯೊಂದರ ಹೆಸರನ್ನೂ ಅದರ ಮುಂದೆ ಬರೆ. ಹಾಗೆ ಮಾಡುವ ಉಪಾಯ ಪುಸ್ತಕದ ಕೊನೆಯ ಅಧ್ಯಾಯದಲ್ಲಿತ್ತು. ಆ ಅಧ್ಯಾಯವನ್ನು ನಾನು ಪಾಠ ಮಾಡಿರಲಿಲ್ಲ. ‘ಇದು ಪರೀಕ್ಷೆಗೆ ಬರಂಗಿಲ್ಲ’ ಎಂದು ಹುಡುಗರಿಗೆ ಹೇಳಿ ಬಿಟ್ಟಿದ್ದೆ. ಅದು ನನ್ನ ಪರೀಕ್ಷೆಗೆ ಬರುತ್ತದೆಂದು ಯಾರಿಗೆ ಗೊತ್ತು!

ಮೊದಲ ಸಲ ಓಡಿಸಿದಾಗ ಯಂತ್ರ ಒಪ್ಪಲಿಲ್ಲ. ಇದರೊಳಗೆ ಏನೋ ಪ್ರೈವೇಟ್ ಇದೆ, ಮುಟ್ಟಲು ಅನುಮತಿಯಿಲ್ಲ ಎಂದು ಕೆಂಪಕ್ಷರದಲ್ಲಿ ಉದ್ದಕ್ಕೆ ಬರೆಯಿತು. ಎಂಥ ಮರ್ಯಾದಸ್ಥ ಯಂತ್ರ! ನಾನು ಆ ಕೆಂಪಕ್ಷರ ಓದಲಿಲ್ಲ. ಕೆಂಪಾಗಿರುವುದೆಲ್ಲ ತಪ್ಪು, ತಪ್ಪನ್ನು ತೆಗೆಯಬೇಕು, ಇಷ್ಟೇ ನನಗೆ ಗೊತ್ತಿದ್ದದ್ದು. ಪುಸ್ತಕದಲ್ಲಿ ಮುಂದಿನ ಪುಟದಲ್ಲೇ ಒಂದು ಸಾಲಿತ್ತು. ಅದನ್ನು ಸೇರಿಸಿದೆ. ಕೆಂಪು ಹೋಯಿತು! ಆ ಸಾಲು ಏನು ಮಾಡುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಜೀವನದಲ್ಲಿ ಅನೇಕ ಕೆಲಸಗಳನ್ನು ನಾನು ಹಾಗೆಯೇ ಮಾಡಿದ್ದೇನೆ.

ಪಟ್ಟಿ ಬಂತು. ಹೆಸರು, ವಯಸ್ಸು, ಎತ್ತರ, ಶಿಕ್ಷಣ, ಹೊಲ, ನೌಕರಿ, ಎಲ್ಲ ತಂತಮ್ಮ ಜಾಗದಲ್ಲಿ. ಸಾಲು ಉದ್ದವಿದ್ದುದರಿಂದ ಪರದೆಯ ಬಲತುದಿಯಲ್ಲಿ ಕತ್ತರಿಸಿದಂತೆ ನಿಂತಿತ್ತು. ಅದರಾಚೆಗೂ ಏನಾದರೂ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಕಾಲೇಜಿನ ಪ್ರಿಂಟರಿನಲ್ಲಿ ಶಾಯಿ ಇರುವುದು ಪರೀಕ್ಷೆಯ ಕಾಲಕ್ಕೆ ಮಾತ್ರ. ಕೊಪ್ಪಳದಲ್ಲೇ ಪ್ರಿಂಟ್ ಹಾಕಿಸಿದರಾಯಿತೆಂದು ಪೆನ್‌ಡ್ರೈವಿಗೆ ತುಂಬಿಕೊಂಡೆ.

ಸಮಾವೇಶದ ಭಾನುವಾರ ಹುಣ್ಣಿಮೆಯೂ ಇತ್ತು. ನಾನೂ ಅನ್ನಪೂರ್ಣಳೂ ಹತ್ತಿದ ಬಸ್ಸಿನ ತುಂಬ ಹುಲಿಗಿಯ ದೇವಿಯ ದರ್ಶನಕ್ಕೆ ಹೋಗುವವರು. ತಳಕಲ್‌ನಲ್ಲಿ ಮಾವನವರೂ ಗಿರಿಜಾಳೂ ಅದೇ ಬಸ್ಸು ಹತ್ತಿದರು. ಗಿರಿಜಾ ಹೊಸ ಸೀರೆ ಉಟ್ಟು ಮುಖ ಗಂಟಿಕ್ಕಿಕೊಂಡಿದ್ದಳು.

“ಮಾಮಾ, ನನ್ನ ಸ್ಟೇಜಿನ ಮ್ಯಾಲೆ ನಿಲ್ಲಿಸಿ ಏನರ ಓದಸ್ತಾರೇನು?”

“ಹೆಸರು, ವಯಸ್ಸು, ಶಿಕ್ಷಣ, ಅಷ್ಟ. ಎಲ್ಲಾ ಕಂಪ್ಯೂಟರ್ ನೋಡ್ಕೋತೈತಿ. ನೀ ಏನೂ ಚಿಂತಿ ಮಾಡಬ್ಯಾಡ.”

“ನೀವು ಹಿಂಗಂದ್ರ ನನಗ ಚಿಂತಿ ಆಗತೈತಿ,” ಎಂದಳು. ಪ್ರೈಮರಿ ಸಾಲಿ ಟೀಚರುಗಳಿಗೆ ಮನುಷ್ಯರ ಪರಿಚಯ ಬೇಗ ಆಗುತ್ತದೆ.

ಕೊಪ್ಪಳದ ಝೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟೆ. ಅಂಗಡಿಯವನು ಉದ್ದ ಸಾಲುಗಳನ್ನು ಕಾಗದದ ಅಗಲಕ್ಕೆ ಮಡಚಿ, ಬೇಕಾದಷ್ಟು ಪ್ರತಿ ಮಾಡಿ, ಸಮಾವೇಶದ ಕಲ್ಯಾಣ ಮಂಟಪಕ್ಕೆ ತಾನೇ ಮುಟ್ಟಿಸುತ್ತೇನೆಂದ. ಇಂಥ ಸಜ್ಜನರು ಎಲ್ಲಿ ಸಿಗುತ್ತಾರೆ! ನಾನು ನಿಶ್ಚಿಂತೆಯಿಂದ ಹೋಟೆಲಿಗೆ ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂದೆ. ಎರಡನೆಯ ಪ್ಲೇಟನ್ನೂ ತಿಂದೆ. ನಾನು ಕೊನೆಯ ಮಿರ್ಚಿ ಮುರಿಯುವ ಹೊತ್ತಿಗೆ ಪ್ರತಿಗಳು ಮಂಟಪದಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು.

ಒಳಗೆ ಹೋದಾಗ ಪ್ರಾರ್ಥನೆ ಮುಗಿದಿತ್ತು. ಅನ್ನಪೂರ್ಣ, ಗಿರಿಜಾ, ಮಾವನವರು ಮುಂದಿನ ಸಾಲಿನಲ್ಲಿದ್ದರು. ಹಂಪಣ್ಣ ಹೆಡ್‌ಮಾಸ್ತರರು ಮೈಕಿನ ಮುಂದೆ ಪಟ್ಟಿ ಹಿಡಿದು ನಿಂತಿದ್ದರು. ಪಕ್ಕದ ಮೇಜಿನ ಮೇಲೆ ನಾಲ್ಕಾರು ಶಾಲು ಮಡಚಿಟ್ಟಿದ್ದರು.

“ಈಗ ಶ್ರೀ ಶರಣಪ್ಪನವರು, ಯಲಬುರ್ಗಾ, ಇವರು ವೇದಿಕೆ ಮ್ಯಾಲೆ ಬರಬೇಕಂತ ವಿನಂತಿ!”

ನನ್ನ ಎದೆ ಉಬ್ಬಿತು. ಪಟ್ಟಿ ಮಾಡಿಕೊಟ್ಟವನಿಗೆ ಸನ್ಮಾನ! ಇಷ್ಟು ಬೇಗ ಎಂದು ಎಣಿಸಿರಲಿಲ್ಲ. ಕಾಲರ್ ಸರಿಮಾಡಿಕೊಂಡು, ಎಡಗಡೆ ಬಲಗಡೆ ಕೈ ಮುಗಿಯುತ್ತ ಮೆಟ್ಟಿಲು ಹತ್ತಿದೆ. ಹೆಡ್‌ಮಾಸ್ತರರ ಪಕ್ಕ ನಿಂತು, ಶಾಲು ಹೊದಿಸಲು ಅನುಕೂಲವಾಗಲೆಂದು ತಲೆ ಸ್ವಲ್ಪ ಬಗ್ಗಿಸಿದೆ.

ಹೆಡ್‌ಮಾಸ್ತರರು ನನ್ನ ಕಡೆ ನೋಡಲಿಲ್ಲ. ಅವರು ಜೀವಮಾನವಿಡೀ ಇಲಾಖೆಯ ಸುತ್ತೋಲೆಗಳನ್ನು ಓದಿದವರು. ಕಾಗದ ಕೈಗೆ ಬಂದರೆ ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯವರೆಗೆ ಓದಿಯೇ ತಲೆ ಎತ್ತುವವರು.

“ವರ ಸಂಖ್ಯೆ ಒಂದು. ಹೆಸರು, ಶರಣಪ್ಪ. ವಯಸ್ಸು, ನಲವತ್ತೊಂದು.”

ಸಭೆಯಲ್ಲಿ ಗುಸುಗುಸು. ನಾನು ಬಗ್ಗಿಸಿದ ತಲೆಯನ್ನು ಹಾಗೇ ಇಟ್ಟುಕೊಂಡೆ. ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಸನ್ಮಾನಕ್ಕೆ ವಯಸ್ಸು ಯಾಕೆ?

“ಎತ್ತರ, ಐದು ಅಡಿ ನಾಲ್ಕು ಇಂಚು. ಶಿಕ್ಷಣ, ಎಂ.ಸಿ.ಎ. ಹೊಲ, ಇಲ್ಲ. ನೌಕರಿ, ಪ್ರೈವೇಟ್ ಕಾಲೇಜು. ಗುಟ್ಟು...”

ಗುಟ್ಟು! “ಸರ್, ಸರ್, ಅದನ್ನ ಓದಬ್ಯಾಡ್ರಿ!” ಎಂದು ಕಾಗದಕ್ಕೆ ಕೈ ಹಾಕಿದೆ. ಅವರು ಕಾಗದವನ್ನು ಆಚೆ ಸರಿಸಿ, “ನಡುವ ಬಾಯಿ ಹಾಕಬ್ಯಾಡ್ರಿ ಮಾಸ್ತರ, ಓದೂದು ಮುಗೀಲಿ,” ಎಂದು ಮೈಕಿನಲ್ಲೇ ಗದರಿಸಿ ಮುಂದುವರಿಸಿದರು.

“ಗುಟ್ಟು. ಮಾತು ಭಾಳ, ಕೆಲಸ ಕಡಿಮಿ. ಮನಿ ಕೆಲಸಕ್ಕ ಕರದ್ರ ಕಿವಿ ಕೇಳಂಗಿಲ್ಲ. ನಿದ್ದಿಯೊಳಗ ಹಲ್ಲು ಕಡೀತಾರ. ಮೊದಲ ಗೊತ್ತಿದ್ರ ನಾ ಒಪ್ಪತಿರಲಿಲ್ಲ.”

ಇಡೀ ಮಂಟಪದಲ್ಲಿ ನಗು. ಎಂಥ ನಗು! ಮುಂದಿನ ಸಾಲಿನಲ್ಲಿ ನಮ್ಮ ಮಾವನವರು ಮಾತ್ರ ನಗಲಿಲ್ಲ. ಹಿರಿಯ ಅಳಿಯ ಎರಡನೆಯ ಮದುವೆಗೆ ನಿಂತದ್ದನ್ನು ಅವರು ಕಣ್ಣಾರೆ ನೋಡುತ್ತಿದ್ದರು. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, “ವಯಸ್ಸಾದ್ರೂ ಖರೇ ಬರದಾನ ನೋಡವಾ,” ಎಂದದ್ದು ಕೇಳಿಸಿತು.

ಮಾದರಿಗೆಂದು ಹಾಕಿದ ನನ್ನ ಗಂಟನ್ನು ತೆಗೆಯುವುದನ್ನೇ ಮರೆತಿದ್ದೆ. ಅದು ಹೋಗಲಿ. ನನ್ನ ಗುಟ್ಟು ಬಂದಿದೆ ಎಂದರೆ ಉಳಿದವರದು? ಈ ಪ್ರಶ್ನೆ ನನ್ನ ತಲೆಯಲ್ಲಿ ಮೂಡುವುದಕ್ಕೂ, ಸಭೆಯಲ್ಲಿ ಇದ್ದವರೆಲ್ಲ ತಂತಮ್ಮ ಪ್ರತಿಯ ಹಾಳೆ ಸರಸರ ತಿರುವುವುದಕ್ಕೂ ಸರಿಹೋಯಿತು. ಆ ಸರಸರ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಹೆಡ್‌ಮಾಸ್ತರರಿಗೂ ಈಗ ಅರ್ಥವಾಯಿತು. “ದಯವಿಟ್ಟು ಯಾರೂ ಗುಟ್ಟು ಓದಬ್ಯಾಡ್ರಿ! ಹಾಳಿ ಮಡಚಿ ಕಿಸೆದಾಗ ಇಟ್ಕೋರ್ರಿ!” ಎಂದು ಮೈಕಿನಲ್ಲಿ ಕೂಗಿದರು. ಅಲ್ಲಿಯವರೆಗೆ ಓದದೆ ಇದ್ದವರೂ ಓದಲು ಶುರುಮಾಡಿದರು.

ಮೊದಲು ಎದ್ದದ್ದು ಒಬ್ಬ ವರನ ತಾಯಿ. “ಯಾರು ಬಾಯಿಬಡಕಿ? ನಾ ಬಾಯಿಬಡಕಿ?” ಎಂದು ಆರಂಭಿಸಿ ಉಸಿರು ಬಿಡದೆ ಮಾತಾಡಿದರು. ಅವರು ಮಾತಾಡಿದಷ್ಟೂ ಪಟ್ಟಿಯ ಮೇಲೆ ಜನರ ನಂಬಿಕೆ ಹೆಚ್ಚುತ್ತ ಹೋಯಿತು. ಯಾರ ಜೊತೆಗೂ ಸರಿಯಿಲ್ಲ ಎಂದು ಬರೆಸಿಕೊಂಡ ತಂದೆ, ತನ್ನನ್ನು ಸಮಾಧಾನ ಮಾಡಲು ಬಂದ ಇಬ್ಬರ ಜೊತೆ ಜಗಳ ತೆಗೆದರು. ನನಗೆ ಯಾರಿಗೆ ಕೈ ಮುಗಿಯಬೇಕು, ಯಾರಿಗೆ ಬೆನ್ನು ತೋರಿಸಬೇಕು ತಿಳಿಯದೆ, ಎಲ್ಲರಿಗೂ ಕೈ ಮುಗಿಯುತ್ತ ಎಲ್ಲರಿಗೂ ಬೆನ್ನು ತೋರಿಸುತ್ತ ತಿರುಗುತ್ತಿದ್ದೆ.

ಅಷ್ಟರಲ್ಲಿ ಗಂಗಾವತಿಯ ಅಕ್ಕಿ ವ್ಯಾಪಾರಸ್ಥರು ಪಟ್ಟಿ ಹಿಡಿದು ಬಂದರು. “ಏನ್ರಿ ಮಾಸ್ತರ, ನಮ್ಮ ಮಹಾಂತೇಶನ್ನ ಹಿಡದಿಡಬೇಕಂತ ಬರದೀರಲ್ಲ, ಅವನೇನು ಟಗರೇನು? ನಿಶ್ಚಯ ಆಗೇತಿ ಅಂತ ಸುಳ್ಳು ಹೇಳಾಕ ನಿಮಗ ಯಾರು ಅಧಿಕಾರ ಕೊಟ್ರು?”

ಉಳಿದ ಹೆಣ್ಣಿನವರಿಗೂ ಇದು ಕೇಳಿಸಿತು. “ಹೌದ್ರಿ, ನಾವು ಫೋನ್ ಮಾಡಿದಾಗ ನಿಶ್ಚಯ ಆಗೇತಿ ಅಂದ್ರು!” ಎಂದು ಒಬ್ಬರು. “ನಮಗೂ ಹಂಗ ಅಂದ್ರು!” ಎಂದು ಇನ್ನೊಬ್ಬರು. ನಾನು ಅನ್ನಪೂರ್ಣಳ ಕಡೆ ನೋಡಿದೆ. ಅವಳು ಚಾವಣಿಯ ಫ್ಯಾನ್ ನೋಡುತ್ತಿದ್ದಳು. ವ್ಯಾಪಾರಸ್ಥರು ಮಗನ ರಟ್ಟೆ ಹಿಡಿದು ಹೊರಟೇ ಹೋದರು. ಮಹಾಂತೇಶ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಇಡೀ ಪಟ್ಟಿಯಲ್ಲಿ ನೀನೊಬ್ಬನೇ ಒಳ್ಳೆಯವನು ಎಂದು ಬರೆಸಿಕೊಂಡ ಮುಖದಲ್ಲಿ ಸ್ವಲ್ಪ ಸಂತೋಷವೂ ಇತ್ತು.

“ಹೋತು! ಇದ್ದೊಬ್ಬ ಛಲೋ ಹುಡುಗನೂ ಹೋದ!” ಎಂದು ಅನ್ನಪೂರ್ಣ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಿರಿಜಾ ತನ್ನ ಪುಟವನ್ನು ಅಕ್ಕನ ಮುಖದ ಮುಂದೆ ಹಿಡಿದಳು. “ಅಕ್ಕಾ, ನನಗ ಅಡಿಗಿ ಬರಂಗಿಲ್ಲಂತ ಇಡೀ ಜಿಲ್ಲಾಕ್ಕ ಹೇಳಿದೆಲ್ಲ!”

“ನಾ ಹೇಳಿಲ್ಲವಾ. ನಾ ನಿಮ್ಮ ಮಾಮಾಗ ಹೇಳಿದೆ. ಜಿಲ್ಲಾಕ್ಕ ಅವರು ಹೇಳ್ಯಾರ.”

ಇಬ್ಬರೂ ನನ್ನನ್ನು ನೋಡಿದರು. ಮಾವನವರೂ ನೋಡಿದರು. “ಪ್ರೈವೇಟ್ ಅಂತ ಬರದಿದ್ದೆ...” ಎಂದೆ.

ಆಗ ತೆಳ್ಳಗಿನ ಯುವಕನೊಬ್ಬ ಜನರನ್ನು ಸರಿಸುತ್ತ ಬಂದ. ಕೈಯಲ್ಲಿ ಪಟ್ಟಿ, ಮುಖದಲ್ಲಿ ಸಿಟ್ಟು. ನಾನು ಮೆಲ್ಲಗೆ ಮಾವನವರ ಹಿಂದೆ ಸರಿದೆ.

“ಯಾರ್ರಿ ಇದನ್ನ ಬರದವರು? ನಾ ಯಮನೂರಪ್ಪ, ಕುಷ್ಟಗಿ. ದನದ ದವಾಖಾನಿಯೊಳಗ ನೌಕರಿ ಮಾಡತೀನಿ. ನಮಗ ಹೊಲ ನಾಲ್ಕು ಎಕರೆ ಅಂತ ಬರದೀರಿ. ತಪ್ಪು! ನಮ್ಮದು ಐದು ಎಕರೆ ಐತಿ!”

“ನಿಮ್ಮ ಅರ್ಜಿಯೊಳಗ ಹನ್ನೆರಡು ಅಂತ ಐತಲ್ರಿ?” ಎಂದಳು ಗಿರಿಜಾ.

“ಅದು ನಮ್ಮಪ್ಪ ಬರದದ್ದು. ಪ್ರಾಪರ್ಟಿ ಲಿಸ್ಟ್ ಮಾಡಾಕತ್ಯಾರ ಅಂತ ಯಾರೋ ಹೇಳಿದ್ರಂತ. ಗಾಬರಿಯಾಗಿ ಏಳು ಎಕರೆ ಸೇರಿಸಿಬಿಟ್ಟ. ನಾ ಬ್ಯಾಡ ಅಂದೆ, ಕೇಳಲಿಲ್ಲ. ಇರೂದು ಐದು. ಸುಳ್ಳ್ಯಾಕ ಹೇಳಬೇಕ್ರಿ? ಅದರಾಗೂ ಒಂದು ಎಕರೆ ಬರೇ ಕಲ್ಲು, ಏನೂ ಬೆಳಿಯಂಗಿಲ್ಲ.”

“ಹಂಗಂದ್ರ ನಾಲ್ಕ ಆತಲ್ರಿ!”

ಯಮನೂರಪ್ಪ ಬೆರಳು ಮಡಚಿದ. ಮನಸ್ಸಿನಲ್ಲಿ ಕಳೆದು ನೋಡಿದ. “ಹೌದಲ್ಲ,” ಎಂದ. ಆಮೇಲೆ ಅವನೇ ನಕ್ಕುಬಿಟ್ಟ. ಬೆಳಗಿನಿಂದ ಗಂಟಿಕ್ಕಿದ್ದ ಗಿರಿಜಾಳ ಮುಖವೂ ಸಡಿಲಾಯಿತು.

“ನಿಮ್ಮದೂ ಓದಿದೆ ನಾನು,” ಎಂದ ಅವನು, ಸ್ವಲ್ಪ ಹಿಂಜರಿಯುತ್ತ. “ಅಡಿಗಿ ಬರಂಗಿಲ್ಲಂತ ಬರದಾರಲ್ರಿ.”

“ಅದು ಖರೇನ.”

“ಸಿಟ್ಟು?”

“ಅದೂ ಖರೇನ. ಈಗ ನೋಡಾಕತ್ತೀರಲ್ಲ.”

“ಸಿಟ್ಟಿನ ಎಮ್ಮಿಗಳಿಗೆ ದಿನಾ ಸೂಜಿ ಮಾಡತೀನ್ರಿ, ರೂಢಿ ಐತಿ,” ಎಂದುಬಿಟ್ಟ. ಎಂದವನಿಗೆ ತಾನೇನು ಹೇಳಿದೆನೆಂದು ತಿಳಿದು ಮುಖ ಕೆಂಪಾಯಿತು. “ಹಂಗಲ್ರಿ... ನಾ ಅಂದದ್ದು... ನಮ್ಮವ್ವಗ ಕೈ ನೋವು. ಅಡಿಗಿ ನಾನ ಮಾಡತೀನಿ ಅಂತ ಹೇಳಾಕ ಬಂದಿದ್ದೆ.”

ಗಿರಿಜಾ ಸಿಟ್ಟಾಗುತ್ತಾಳೆಂದು ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ಅವಳು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ಮೂರು ವರ್ಷದಲ್ಲಿ ಗಂಡು ನೋಡುವ ದಿನ ಅವಳು ನಕ್ಕದ್ದು ಅದೇ ಮೊದಲು. ಮಾವನವರು ಮೆಲ್ಲಗೆ ಮುಂದೆ ಬಂದು, “ನಿಮ್ಮ ತಂದಿಯವರು ಎಲ್ಲಿ ಅದಾರ ತಮ್ಮಾ?” ಎಂದು ಕೇಳಿದರು.

ಸಮಾವೇಶವೇನೋ ಆವತ್ತು ಊಟಕ್ಕೆ ಮೊದಲೇ ಮುಗಿಯಿತು. ನಾನೂ ಅನ್ನಪೂರ್ಣಳೂ ಬಾಗಿಲಲ್ಲಿ ನಿಂತು ಹೋಗುವವರಿಗೆಲ್ಲ ಕೈ ಮುಗಿದು ತಪ್ಪೊಪ್ಪಿಕೊಂಡೆವು. ಕೆಲವರು ಬೈದರು, ಕೆಲವರು ಮುಖ ತಿರುಗಿಸಿ ಹೋದರು, ಒಬ್ಬರು ಮಾತ್ರ ನನ್ನ ಹೆಂಡತಿಯ ಕಿವಿಯ ಹತ್ತಿರ ಬಂದು, “ಮುಂದಿನ ಸಲ ನಮ್ಮ ಬೀಗರ ಬಗ್ಗೆನೂ ಸ್ವಲ್ಪ ವಿಚಾರಿಸವಾ,” ಎಂದರು. ಹೆಡ್‌ಮಾಸ್ತರರು ಕೊನೆಗೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. “ಮಾಸ್ತರ, ನೀವು ಹೇಳಿದ್ದು ಈಗ ತಿಳೀತ್ರಿ. ಗಂಟು ಬಿಚ್ಚೂದು ಅಂದ್ರ ಇದು.”

ಗಿರಿಜಾ ಯಮನೂರಪ್ಪನ ಮದುವೆ ಮುಂದಿನ ಬೇಸಿಗೆಯಲ್ಲಿ ಆಯಿತು. ಚೆನ್ನಾಗಿದ್ದಾರೆ. ಇಬ್ಬರೂ ಯಾವುದನ್ನೂ ಮುಚ್ಚಿಡುವುದಿಲ್ಲ, ಹಾಗಾಗಿ ವಾರಕ್ಕೊಮ್ಮೆ ಜಗಳವಾಡುತ್ತಾರೆ, ಊಟದ ಹೊತ್ತಿಗೆ ಅವನೇ ಎದ್ದು ರೊಟ್ಟಿ ಬಡಿಯುತ್ತಾನೆ. ಈ ಮದುವೆ ಆದದ್ದು ನನ್ನಿಂದಲೇ ಎಂದು ನಾನು ಒಂದೆರಡು ಕಡೆ ಹೇಳಿ ನೋಡಿದೆ. ಯಾರೂ ಒಪ್ಪಲಿಲ್ಲ.

ಆದರೆ ನನ್ನ ಪಾಲಿಗೆ ಒಂದು ಶಿಕ್ಷೆ ಕಾಯಂ ಆಯಿತು. ಆವತ್ತಿನಿಂದ ನನ್ನ ಮುಂದೆ ಯಾರೂ ಏನನ್ನೂ ಹೇಳುವುದಿಲ್ಲ. ನಾನು ಬಸ್‌ಸ್ಟ್ಯಾಂಡಿಗೆ ಹೋದರೆ ಮಾತು ನಿಲ್ಲುತ್ತದೆ. ಕಟ್ಟೆಯ ಮೇಲೆ ಕೂತರೆ ಕೂತವರು ಮಳೆಯ ವಿಷಯಕ್ಕೆ ಹೊರಳುತ್ತಾರೆ. ಯಾರ ಮನೆಯಲ್ಲಿ ಎಮ್ಮೆ ಈದರೂ ನನಗೆ ತಿಳಿಯುವುದಿಲ್ಲ. ಊರಿಗೆಲ್ಲ ಗೊತ್ತಾಗಿ ಹಳೆಯದಾದ ಸುದ್ದಿ ನನಗೆ ಕುಷ್ಟಗಿಯಿಂದ ಗಿರಿಜಾ ಫೋನ್ ಮಾಡಿದಾಗ ಗೊತ್ತಾಗುತ್ತದೆ!

ಮೊನ್ನೆ ಕಾಲೇಜಿನಿಂದ ಬರುವಾಗ ನಮ್ಮ ಓಣಿಯಲ್ಲೇ ಪೆಂಡಾಲು ಹಾಕುತ್ತಿದ್ದರು. “ಯಾರ ಮದುವಿನಪಾ?” ಎಂದು ಕಂಬ ನೆಡುತ್ತಿದ್ದವನನ್ನು ಕೇಳಿದೆ. ಅವನು ಕೆಲಸ ನಿಲ್ಲಿಸಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, “ಗೊತ್ತಿಲ್ರಿ ಸರ್. ಹಾಕು ಅಂದ್ರು, ಹಾಕಾಕತ್ತೀನಿ,” ಎಂದ.

ಊಟಕ್ಕೆ ಮಾತ್ರ ಕರೆದರು. ಹೋಗಿ, ನಾಲ್ಕು ಹೋಳಿಗೆ ಉಂಡು, ಕಂಡವರಿಗೆಲ್ಲ ‘ಛಲೋ ಆತ್ರಿ’ ಎಂದು ಹೇಳಿ ಬಂದೆ. ಮದುವೆ ಯಾರದಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ!